ಹಾಲು ಕುಡಿದ ಬೆರಳು

ಈ ಕಥೆ ನನಗೆ ಮೊದಲು ಹೇಳಿದವಳು ನಮ್ಮ ಸೋದರತ್ತೆ ಗೌರಕ್ಕ, ರಾಟಿ ತಿರುವುತ್ತ, ಶಿವನಾಮದ ನಡುನಡುವೆ.

ಯಾವ ಕಾಲವೋ ಶಿವನೇ ಬಲ್ಲ, ಡೋಣಿ ಹೊಳೆಯ ಆಚೆ ಕಂಚಿಹಾಳವೆಂಬ ನೇಕಾರರ ಊರು. ಅಲ್ಲಿ ಹಡಪದ ಮಲ್ಕಪ್ಪ ಎಂಬವನಿದ್ದನಂತೆ. ಬೆಳಿಗ್ಗೆ ಕ್ಷೌರ ಮಾಡುವನು, ಬಿಸಿಲೇರಿದ ಮೇಲೆ ಗಾಯ ಕಟ್ಟುವನು. ಗುಡಿಯ ಕಲ್ಲಬಸವಣ್ಣನ ಮುರಿದ ಗೊರಸನ್ನೂ ಅವನೇ ಹೊಲಿದನೆಂದು ಹೇಳುವವರಿದ್ದಾರೆ, ಅದಿರಲಿ.

ಅದೇ ಊರಲ್ಲಿ ಬಾಳವ್ವ ಎಂಬ ನೇಕಾರಗಿತ್ತಿ. ಎಳೆ ಸಡಿಲಾದದ್ದು ಕಣ್ಣಿಗೆ ಕಾಣುವ ಮುಂಚೆ ಅವಳ ಬಲಗೈ ತೋರುಬೆರಳಿಗೆ ತಿಳಿಯುತ್ತಿತ್ತಂತೆ. ಒಂದು ದಿನ ಒರಳಿನ ಗುಂಡು ಜಾರಿ ಅದೇ ಬೆರಳಿನ ತುದಿ ಜಜ್ಜಿಹೋಯಿತು. ಎಲುಬು ಕಂಡಿತು. ಗೆಣ್ಣಿನ ತನಕ ಕೊಯ್ದು ಕಾದೆಣ್ಣೆಯಲ್ಲಿ ಅದ್ದಿರೆಂದರು ಊರವರು. ಆಮೇಲೆ ಮಗ್ಗದ ಮುಂದೆ ಕೂತು ಯಾವುದರಿಂದ ಎಳೆ ಸವರಲಿ ಎಂದು ಬಾಳವ್ವ ಅತ್ತಳು.

ಮಲ್ಕಪ್ಪ ಅವಳ ಬೆರಳನ್ನು ಅಂಗೈಗೆ ಮಡಚಿದ. ಹೆಬ್ಬೆರಳ ಬುಡದ ದಪ್ಪ ಮಾಂಸದಲ್ಲಿ ಒಂದು ಪದರ ಬಿಡಿಸಿ, ಅದರ ಒಂದಂಚು ಅಂಗೈಗೇ ಅಂಟಿರುವಂತೆ ಬಿಟ್ಟು, ಬೆರಳ ತುದಿಗೆ ಹೊದಿಸಿ, ಕುದಿಸಿದ ಕುದುರೆಬಾಲದ ಕೂದಲಿಂದ ಹೊಲಿದ.

“ಬೆರಳು ಕೂಸು, ಅಂಗೈ ತಾಯಿ. ಹಾಲು ಕುಡೀಲಿ ಬಿಡು. ನಾ ಬಿಡಿಸೋತನಕ ಮುಷ್ಟಿ ಬಿಚ್ಚಬ್ಯಾಡ ತಂಗಿ” ಅಂದನಂತೆ.

ನೀರಿಗೆ ಹೋದರೆ ಗೆಳತಿಯರು, “ಮುಷ್ಟ್ಯಾಗ ಏನ್ ಹಿಡದೀಯೆ, ಗಂಡನ ಜುಟ್ಟೇನು?” ಎಂದು ನಗುತ್ತಿದ್ದರು. ಬಾಳವ್ವನೂ ನಕ್ಕಳು. ಅಷ್ಟರಲ್ಲಿ ಶ್ರಾವಣದ ಸೋಮವಾರ ಬಂತು. ಗುಡಿಯಲ್ಲಿ ಪೂಜೆಯ ಅಯ್ಯನವರು ತೀರ್ಥದ ಮಿಳ್ಳೆ ಹಿಡಿದು, ಎಡಗೈಗೆ ಹಾಕುವುದಿಲ್ಲ, ಬಲಗೈ ಬಿಚ್ಚು ಎಂದರು. ಬುದ್ಧಿ ಬಂದಾಗಿನಿಂದ ತೀರ್ಥ ತಪ್ಪಿಸಿದವಳಲ್ಲ ಅವಳು. ಬೆರಳಿಗಿಂತ ಶಿವ ದೊಡ್ಡವನು ಎನಿಸಿತು. ಬಿಚ್ಚತೊಡಗಿದಳು; ಹೊಲಿಗೆಯಲ್ಲಿ ರಕ್ತ ಜಿನುಗಿತು.

ಹಿಂದಿನಿಂದ ಮಲ್ಕಪ್ಪ ಕೂಗಿದನಂತೆ: “ಅಯ್ಯಾರ, ಕೂಸು ಮೊಲಿ ಕುಡ್ಯಾಕತ್ತೇತ್ರಿ! ಕಿತ್ತು ಬಾ ಅಂತಾನೇನ್ರಿ ಶಿವ?”

ಅಯ್ಯನವರು ಬಗ್ಗಿ ಹೊಲಿಗೆಯ ರಕ್ತ ನೋಡಿದರು. ಆಮೇಲೆ ಮುಚ್ಚಿದ ಮುಷ್ಟಿಯ ಮೇಲೇ ಒಂದು ಹನಿ ತೀರ್ಥ ಬಿಟ್ಟರು. ಬಾಳವ್ವ ಮುಷ್ಟಿಯನ್ನು ಕಣ್ಣಿಗೊತ್ತಿಕೊಂಡಳು.

ಮಲ್ಕಪ್ಪ ಹೊಲಿಗೆ ಬಿಚ್ಚಿ, ಅಂಗೈಗಂಟಿದ್ದ ಅಂಚು ಕೊಯ್ದು ಬೆರಳು ಬಿಡಿಸಿದಾಗ ತುದಿ ದುಂಡಗಿತ್ತು, ಆದರೆ ಜಡವಾಗಿತ್ತು, ಯಾರದೋ ಬೆರಳೆನಿಸಿತ್ತು. ದಿನಾ ಎಳೆಗಳ ಮೇಲೆ ಅದನ್ನಾಡಿಸಿದಳು, ಆಡಿಸುತ್ತಲೇ ಇದ್ದಳು. ಸುಗ್ಗಿ ಬಂದಾಗ ಒಂದು ದಿನ, ಕಣ್ಣು ಮುಚ್ಚಿ ಮಗ್ಗದ ಹಾಸು ಸವರುತ್ತಿದ್ದವಳು ಥಟ್ಟನೆ ನಿಂತಳಂತೆ. “ಇಲ್ಲೊಂದೆಳಿ ಸಡ್ಲ ಐತಿ” ಅಂದಳಂತೆ. ಗಂಡ ಬಗ್ಗಿ ನೋಡಿದ. ಹೌದು, ಸಡಿಲವಿತ್ತು.

ಇಂದಿಗೂ ಕಂಚಿಹಾಳದಲ್ಲಿ ಶ್ರಾವಣದ ಮೊದಲ ಸೋಮವಾರ ಎಲ್ಲರೂ ಮೊದಲು ಮುಷ್ಟಿ ಚಾಚುತ್ತಾರೆ. ಅದರ ಮೇಲೊಂದು ಹನಿ ಬಿದ್ದ ಮೇಲೆಯೇ ಅಂಗೈ ಬಿಚ್ಚುತ್ತಾರೆ. ನೀವೂ ಮನೆಯಲ್ಲಿ ಈ ಕಥೆ ಹೇಳಿರಪ್ಪ. ಉಳಿದದ್ದು ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ, ಮಲ್ಕಪ್ಪನ ಹೆಸರೊಂದು ಬಿಡಬೇಡಿ.