ಅನ್ನದ ಕಟ್ಟೆಯೂ ಕೆರೆಯ ಕೋಡಿಯೂ

ಜಾಲಿಕಟ್ಟೆಯನ್ನು ಆಳುತ್ತಿದ್ದ ಬೋರಪ್ಪನಾಯಕನಿಗೆ ಎರಡರ ಮೇಲೆ ವಿಪರೀತ ಜಂಬ. ಒಂದು ತನ್ನ ಹೊಟ್ಟೆ, ಇನ್ನೊಂದು ತನ್ನ ತಾತ ಕಟ್ಟಿಸಿದ ಕೆರೆ. ಎರಡೂ ಎಷ್ಟು ತುಂಬಿದರೂ ಒಡೆಯುವುದಿಲ್ಲ ಅಂತ ಅವನ ನಂಬಿಕೆ.

ಆ ವರ್ಷ ಅವನು ಕೆರೆಯ ಕೋಡಿಯಲ್ಲಿ ಮಲ್ಲಿಗೆ ತೋಟ ಹಾಕಿಸಿದ. ಕೋಡಿ ಅಂದರೆ ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹರಿದುಹೋಗಲಿ ಅಂತ ತಾತ ಬಿಟ್ಟಿದ್ದ ದಾರಿ. ಮೊಮ್ಮಗ ಹೋಗಿ ಆ ದಾರಿಯಲ್ಲೇ ಹೂವು ನೆಟ್ಟರೆ ನೀರು ತಾನೇ ಏನು ಮಾಡೀತು, ಪಾಪ!

ಮಳೆಗಾಲಕ್ಕೆ ಮುಂಚೆ ಊರಿನ ಕಷ್ಟನಷ್ಟ ವಿಚಾರಿಸುವ ಸಭೆ ಸೇರಿತು. ನಾಯಕ ಮೊದಲೇ ಅಪ್ಪಣೆ ಕೊಟ್ಟುಬಿಟ್ಟ: "ಕೋಡಿ ಮುಚ್ಚಿ. ನನ್ನ ಮಲ್ಲಿಗೆಗೆ ಒಂದು ಹನಿ ನೀರೂ ನುಗ್ಗಕೂಡದು."

ಕೆರೆ ಕಾಯುವ ನೀರುಗಂಟಿ ದುಗ್ಗಪ್ಪ ಕೈಮುಗಿದ. "ಬುದ್ಧೀ, ಕೋಡಿ ಮುಚ್ಚಿದ್ರೆ ಏರಿ ಒಡೀತದೆ. ಏರಿ ಕೆಳಗೆ ಮುನ್ನೂರು ಮನೆ ಅವೆ. ನನ್ನ ಮಗಳು ತುಂಬು ಬಸುರಿ, ಅವಳೂ ಅಲ್ಲೇ ಅವಳೆ."

"ನನ್ನ ತಾತನ ಏರಿ ಒಡೆಯೋದೇ? ನಾಳೆ ಕೋಡಿ ಮುಚ್ಚು, ಇಲ್ಲ ಊರು ಬಿಡು!"

ಪ್ರಧಾನಿ ನಂಜರಸಯ್ಯ ಗಂಟಲು ಸರಿಮಾಡಿಕೊಂಡ. "ಚಿಂತೆಗೆ ಕಾರಣವಿಲ್ಲ ಪ್ರಭು. ಅಪಾಯ ಬಂದರೆ ಏನು ಮಾಡಬೇಕು ಅಂತ ಓಲೆ ಬರೆದಿಟ್ಟಿದ್ದೇನೆ. 'ಏರಿ ಒಡೆಯುವ ಮೂರು ದಿನ ಮೊದಲು ಪ್ರಜೆಗಳು ಅರಮನೆಗೆ ಅರ್ಜಿ ಕೊಡತಕ್ಕದ್ದು. ಅರ್ಜಿ ಕೊಡದೆ ಮುಳುಗಿದವರಿಗೆ ಅರಮನೆ ಹೊಣೆಯಲ್ಲ.'"

"ಭಲೇ!" ಅಂದ ನಾಯಕ.

ಪ್ರಧಾನಿಯ ಮನೆ ಇದ್ದದ್ದು ಗುಡ್ಡದ ಮೇಲೆ. ಅದನ್ನೂ ಹೇಳಿಬಿಡಬೇಕು, ನೋಡಿ.

ಆಸ್ಥಾನದಲ್ಲಿ ಮರುಳಯ್ಯ ಅಂತ ಒಬ್ಬ ವಿದೂಷಕನಿದ್ದ. ಹೆಸರಿಗೆ ಮಾತ್ರ ಮರುಳ. ಅವನು ದುಗ್ಗಪ್ಪನ ಒದ್ದೆಗಣ್ಣು ನೋಡಿ ಎದ್ದು ನಿಂತ. "ಪ್ರಭು, ಎಂಥಾ ಓಲೆ! ಈ ಸಂತೋಷಕ್ಕೆ ಇವತ್ತು ತಮಗೆ ನಾನೇ ಬಡಿಸ್ತೀನಿ. ಆದರೆ ಎಲೆಗೆ ಅಡ್ಡ ಕೈ ಹಿಡಿಯಬಾರದು, 'ಸಾಕು' ಅನ್ನಬಾರದು."

"ನಾನು ಸಾಕು ಅನ್ನೋದೇ? ಹುಟ್ಟಿದಾಗಿನಿಂದ ಅಂದಿಲ್ಲ ಕಣಯ್ಯ! ಅಕಸ್ಮಾತ್ ಅಂದರೆ ನೀನು ಕೇಳಿದ್ದು ಕೊಡ್ತೀನಿ."

ಮಧ್ಯಾಹ್ನ ಪಂಕ್ತಿ ಕೂತಿತು. ನಾಯಕನ ಎಲೆಗೆ ಅನ್ನದ ರಾಶಿ ಬಿತ್ತು. ಸಾರು ಓಡಿಹೋಗದ ಹಾಗೆ ನಾವೆಲ್ಲ ಅನ್ನದಲ್ಲಿ ಕಟ್ಟೆ ಕಟ್ಟುತ್ತೇವಲ್ಲ, ಅವನೂ ಕಟ್ಟಿದ. ಕಟ್ಟಿ, ಒಂದು ಪಕ್ಕದಲ್ಲಿ ಬೆರಳಿನಿಂದ ಸಣ್ಣ ಸಂದು ಬಿಟ್ಟ.

"ಅದೇನು ಪ್ರಭು ಸಂದು?"

"ಹೆಚ್ಚಾದ ಸಾರು ಪಲ್ಯದ ಕಡೆ ಹೋಗಲಿ ಅಂತ. ಇಲ್ಲದಿದ್ದರೆ ಕಟ್ಟೆ ಒಡೆದು ಮಡಿಲಿಗೆ ಬರುತ್ತೆ. ಅಷ್ಟೂ ಗೊತ್ತಿಲ್ಲವೇನಯ್ಯ ನಿನಗೆ?"

"ಛೆ ಛೆ, ಅಂಥಾ ಒಳ್ಳೆ ಪಲ್ಯ ನೆನೆದುಹೋಗೋದೇ!" ಅಂತ ಮರುಳಯ್ಯ ಒಂದು ಸೌಟು ಅನ್ನ ಹಾಕಿ ಸಂದು ಮುಚ್ಚಿಬಿಟ್ಟ. ಆಮೇಲೆ ಸಾರು ಹೊಯ್ಯತೊಡಗಿದ. ಒಂದು ಸೌಟು, ಎರಡು ಸೌಟು. ಹಬೆಯಾಡುವ ಬಿಸಿ ಸಾರು.

ಮೂರನೆಯದಕ್ಕೆ ಸಾರು ಕಟ್ಟೆಯ ಅಂಚು ಮುಟ್ಟಿತು. ನಾಯಕ ಬೇಗ ಬೇಗ ಸುರಿದು ಉಂಡ. ಉಂಡಷ್ಟೂ ಮರುಳಯ್ಯ ಹೊಯ್ದ. ನಾಯಕನ ಹಣೆಯಲ್ಲಿ ಬೆವರೊಡೆಯಿತು.

"ಮರುಳಾ... ಒಂಚೂರು ನಿಧಾನ..."

"ಇದು ಅರ್ಜಿಯೇ ಪ್ರಭು? ಮೂರು ದಿನ ಮೊದಲು ಕೊಡಬೇಕಿತ್ತಲ್ಲ!" ಇನ್ನೊಂದು ಸೌಟು ಬಿತ್ತು.

ಕಟ್ಟೆ ಒಡೆಯಿತು. ಸಾರೆಲ್ಲ ಸೀದಾ ನಾಯಕನ ರೇಷ್ಮೆ ಪಂಚೆಗೆ! "ಅಯ್ಯಯ್ಯಪ್ಪೋ! ಸಾಕು! ಸಾಕೋ ಮಾರಾಯ!" ಅಂತ ನಾಯಕ ಎರಡು ಮಾರು ಹಿಂದಕ್ಕೆ ಹಾರಿದ. ಪಂಚೆ ಕೊಡವುತ್ತ ಕುಣಿದ. "ಲೋ, ನಿನ್ನ ತಲೆ ತೆಗೆಸ್ತೀನಿ!"

ಮರುಳಯ್ಯ ಸೌಟು ಕೆಳಗಿಟ್ಟ. "ತಾವು ಎದ್ದು ಹಾರಿಕೊಂಡಿರಿ ಪ್ರಭು. ದುಗ್ಗಪ್ಪನ ಬಸುರಿ ಮಗಳು ಎಲ್ಲಿಗೆ ಹಾರಬೇಕು?"

ನಾಯಕ ಒದ್ದೆ ಪಂಚೆ ನೋಡಿದ, ಒಡೆದ ಕಟ್ಟೆ ನೋಡಿದ, ಬಾಗಿಲಲ್ಲಿ ನಿಂತಿದ್ದ ದುಗ್ಗಪ್ಪನನ್ನು ನೋಡಿದ. ನಾಚಿಕೆಯಾಯಿತು ಅವನಿಗೆ.

"ಮಲ್ಲಿಗೆ ಕೀಳಿಸಿ. ಕೋಡಿ ಹಾಗೇ ಇರಲಿ," ಅಂದ. "ಸಾಕು ಅಂದಾಯ್ತು, ಸೋತೆ. ಏನು ಬೇಕೋ ಕೇಳು."

"ಹೆಚ್ಚೇನಿಲ್ಲ. ಮಳೆಗಾಲ ಮುಗಿಯುವ ತನಕ ಪ್ರಧಾನಿಗಳು ಏರಿಯ ಕೆಳಗೆ ಸಂಸಾರ ಹೂಡಲಿ. ದುಗ್ಗಪ್ಪನ ಪಕ್ಕದ ಮನೆ ಖಾಲಿ ಇದೆ."

ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. ಪ್ರಧಾನಿ ಒಬ್ಬ ನಗಲಿಲ್ಲ.

ಮರುದಿನ ಹೊತ್ತು ಮೂಡುವಾಗ ದುಗ್ಗಪ್ಪ ಏರಿಯ ಮೇಲೆ ಬಂದು ನೋಡುತ್ತಾನೆ: ಪ್ರಧಾನಿ ನಂಜರಸಯ್ಯ ಕಚ್ಚೆ ಬಿಗಿದು, ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಏರಿಯಲ್ಲಿ ನೀರು ಜಿನುಗಿಸುವ ಏಡಿಬಿಲ ಮುಚ್ಚುತ್ತಿದ್ದಾನೆ! ನೀರಿನ ಗುರುತಿಗೆ ಕಲ್ಲು ನೆಟ್ಟಾಗಿದೆ. ಕಲ್ಲು ಮುಳುಗಿದರೆ ಬಾರಿಸಲು ತಮಟೆ ಬಂದಿದೆ. ತಮಟೆ ಕೇಳಿದವರು ಓಡಿಬರಲಿ ಅಂತ ಗುಡ್ಡದ ಮನೆಯ ಬಾಗಿಲು ಹಾರು ಹೊಡೆದು ತೆರೆದಿದೆ.

ದುಗ್ಗಪ್ಪ ಮೆಲ್ಲಗೆ ಕೇಳಿದ: "ಸ್ವಾಮೀ, ಈ ಬಿಲ ಮುಚ್ಚೋಕೆ ಅರ್ಜಿ ಬೇಡವಾ?"

"ಅರ್ಜಿ ಮನೆ ಹಾಳಾಗ!" ಅಂತ ಪ್ರಧಾನಿ ಕೂಗಿದ. "ಮೊದಲು ಮಣ್ಣು ಹಾಕೋ!"