ಬಂಪರಿನ ಹಿಂದಿನ ಕಬ್ಬಿಣ

ಮನಸ್ಸು ತಂಪಾಗಲಿ ಎಂದು ನದಿಯ ದಡಕ್ಕೆ ಬರುವವರಿದ್ದಾರೆ. ಉತ್ತಯ್ಯ ಬಂದದ್ದು ತನ್ನ ಕಾರಿನ ಎಂಜಿನ್ನಿಗೆ ಹೋಗುವ ಗಾಳಿ ತಂಪಾಗಲಿ ಎಂದು.

ದಡದ ಮೇಲೆ ಒಂದು ಹೊಂಗೆಮರ, ಮರದ ಕೆಳಗೆ ದಸ್ತಗೀರ್ ಉಸ್ತಾದರ ಗ್ಯಾರೇಜು. ಕೆಂಪರಾಜು ಅಲ್ಲಿ ಒಂಬತ್ತು ವರ್ಷದಿಂದ ಶಿಷ್ಯ. ಈ ಒಂಬತ್ತು ವರ್ಷದಲ್ಲಿ ಉಸ್ತಾದರು ಅವನ ಕೈಗುಣವನ್ನು ಹೊಗಳಿದ್ದು ಒಮ್ಮೆ ಮಾತ್ರ. ಅದೂ ಚಹಾದ ವಿಷಯದಲ್ಲಿ.

ಉತ್ತಯ್ಯನದು ಎರಡು ಬಾಗಿಲಿನ ಟರ್ಬೊ ಸ್ಪೋರ್ಟ್ಸ್ ಕಾರು. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿಯಿಂದ ಎಂಜಿನ್ನಿಗೆ ಉಸಿರು ಸಾಲುವುದಿಲ್ಲ. ಆ ಗಾಳಿಯನ್ನು ತಣಿಸುವ ಜಾಲರಿಗೆ ಇಂಟರ್‌ಕೂಲರ್ ಎನ್ನುತ್ತಾರೆ. ಕಂಪನಿಯವರು ಅದನ್ನು ಬಾನೆಟ್ಟಿನ ಅಡಿಯಲ್ಲಿ, ಎಂಜಿನ್ನಿನ ಮೇಲೆಯೇ ಇಟ್ಟಿದ್ದರು. ಘಟ್ಟ ಹತ್ತುವಾಗ ಅದೇ ಕಾದು ಕೂರುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ದೊಡ್ಡದೊಂದನ್ನು ಮುಂದೆ, ಬಂಪರಿನ ಬಾಯಲ್ಲೇ ಕೂರಿಸಿಕೊಡಿ ಎಂದ ಉತ್ತಯ್ಯ. ಜಾಲರಿಯನ್ನು ತಾನೇ ತರಿಸಿ ತಂದಿದ್ದ.

"ಮುಂದೆ ಯಾಕೆ?" ಎಂದು ಉಸ್ತಾದರು ಶಿಷ್ಯನನ್ನು ಕೇಳಿದರು.

"ಬಿಸಿಯಾಗುವುದನ್ನು ಮುಂದೆ ಇಡಬೇಕು ಉಸ್ತಾದ್. ಗಾಳಿ ಬರುವುದು ಅಲ್ಲೇ."

"ಹಾಗಾದರೆ ಇದು ನಿನ್ನ ಕೆಲಸ. ನಾನು ಕೈ ಹಾಕಲ್ಲ."

ಆ ದಿನ ಕೆಂಪರಾಜು ಚಹಾ ಮಾಡಲು ಮರೆತ.

ಮೂರನೆಯ ದಿನ ಬಂಪರ್ ಬಿಚ್ಚಿ ನೋಡಿದರೆ ಜಾಲರಿ ನಾಲ್ಕು ಬೆರಳು ದೊಡ್ಡದು. ಬಂಪರಿನ ಹಿಂದೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿಯಿರುತ್ತದೆ, ಜಾಲರಿಗೆ ತಡೆಯಾದದ್ದು ಅದೇ. ಅದು ಕಾರನ್ನು ಓಡಿಸುವುದಿಲ್ಲ, ಹೊಳೆಯುವುದಿಲ್ಲ, ಸದ್ದೂ ಮಾಡುವುದಿಲ್ಲ. ಎದುರಿನಿಂದ ಏನಾದರೂ ಬಂದು ಬಡಿದ ದಿನ ಮಾತ್ರ ಒಳಗೆ ಕೂತವರಿಗೂ ಆ ಏಟಿಗೂ ನಡುವೆ ನಿಲ್ಲುತ್ತದೆ.

ಉತ್ತಯ್ಯ ಮರುದಿನ ಮಧ್ಯಾಹ್ನ ಬರುವವನಿದ್ದ. ಜಾಲರಿ ಕೂರುತ್ತಿಲ್ಲ, ಸಣ್ಣದು ತರಿಸಿ ಎಂದು ಫೋನ್ ಮಾಡಬಹುದಿತ್ತು. ಆದರೆ ಒಂಬತ್ತು ವರ್ಷದ ಮೇಲೆ ಸಿಕ್ಕ ಮೊದಲ ಸ್ವಂತ ಕೆಲಸದಲ್ಲಿ 'ಆಗಲಿಲ್ಲ' ಎನ್ನುವ ಮಾತು ಕೆಂಪರಾಜುವಿನ ಬಾಯಿಗೆ ಬರಲಿಲ್ಲ.

ಉಸ್ತಾದರು ಊಟಕ್ಕೆ ಹೋದಾಗ ಪಟ್ಟಿಯನ್ನು ನಡುವೆ ಒಂದು ಮೊಳದಷ್ಟು ಕತ್ತರಿಸಿದ. ತುಂಡನ್ನು ಗುಜರಿ ರಾಶಿಯ ಅಡಿಗೆ ತಳ್ಳಿದ. ಬಂಪರ್ ಹಾಕಿದ ಮೇಲೆ ಏನೂ ಕಾಣಲಿಲ್ಲ. ಜಾಲರಿ ಮಾತ್ರ ಬಹಳ ಚೆನ್ನಾಗಿ ಕಾಣುತ್ತಿತ್ತು.

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಕಾರಿನಿಂದ ತೆಗೆದದ್ದೆಲ್ಲ ಗೋಣಿಚೀಲಕ್ಕೆ, ಚೀಲ ಮಾಲೀಕನ ಕೈಗೆ. ತುಕ್ಕು ಹಿಡಿದ ಬೋಲ್ಟನ್ನೂ ಬಿಡುತ್ತಿರಲಿಲ್ಲ. ಮಾಲೀಕರಲ್ಲಿ ಹೆಚ್ಚಿನವರು ಆ ಚೀಲವನ್ನು ಮುಂದಿನ ತಿರುವಿನಲ್ಲೇ ಎಸೆದು ಹೋಗುತ್ತಿದ್ದರು. ಉಸ್ತಾದರು ಅದಕ್ಕೆ ಬೇಸರಪಟ್ಟದ್ದಿಲ್ಲ, ಪದ್ಧತಿ ಬಿಟ್ಟದ್ದೂ ಇಲ್ಲ.

ಮರುದಿನ ಬೆಳಿಗ್ಗೆ ಕೆಂಪರಾಜು ಚೀಲ ತಂದಿಟ್ಟ. ಹಳೆಯ ಇಂಟರ್‌ಕೂಲರ್, ಎರಡು ಪೈಪು, ಕ್ಲಾಂಪುಗಳು.

"ಇಷ್ಟೇನಾ?" ಎಂದರು ಉಸ್ತಾದರು.

"ಇಷ್ಟೇ ಉಸ್ತಾದ್."

"ಬಾಯಿ ಕಟ್ಟು."

ಕಟ್ಟಿದ. ಗಂಟು ಸಡಿಲವಾಗಿದೆ, ಇನ್ನೊಂದು ಹಾಕು ಎಂದರು. ಹಾಕಿದ. ಇನ್ನೂ ಒಂದು ಎಂದರು. ಹುರಿ ಅವನ ಬೆರಳನ್ನು ಕೊರೆಯುವಷ್ಟು ಬಿಗಿಯಾದ ಮೇಲೆ ಎದ್ದು ಹಿಂದಿನ ಗುಜರಿ ರಾಶಿಯ ಕಡೆಗೆ ಹೋದರು.

ಮರಳಿ ಬಂದಾಗ ಅವರ ಕೈಯಲ್ಲಿ ಕತ್ತರಿಸಿದ ಪಟ್ಟಿಯ ತುಂಡಿತ್ತು. ಹೊಂಗೆಮರದ ಕೆಳಗೆ ಕೂತು ಅದರ ಅಂಚಿಗೆ ಅರ ಹಾಕತೊಡಗಿದರು. ನಿಧಾನವಾಗಿ, ಮಗುವಿನ ಉಗುರು ತೆಗೆಯುವ ಹಾಗೆ.

ಕೆಂಪರಾಜು ಬಹಳ ಹೊತ್ತು ಸ್ಪ್ಯಾನರ್ ಒರೆಸಿದ. ಒರೆಸಲು ಇನ್ನೇನೂ ಉಳಿಯದಾಗ, ಅದೇನು ಮಾಡುತ್ತಿದ್ದೀರಿ ಎಂದು ಕೇಳಿದ.

"ಅಂಚು ಹರಿತವಾಗಿದೆ. ಯಾರಿಗಾದರೂ ತಾಗೀತು."

ಆಗ ಕೆಂಪರಾಜು ಮಾತಾಡಿದ. ಎಲ್ಲ ಗ್ಯಾರೇಜಿನಲ್ಲೂ ಹೀಗೆಯೇ ಮಾಡುತ್ತಾರೆ ಎಂದ. ಎರಡೂ ಬದಿಯಲ್ಲಿ ಪಟ್ಟಿ ಇನ್ನೂ ಇದೆ ಎಂದ. ಉತ್ತಯ್ಯನವರ ಕೈ ನುರಿತ ಕೈ, ಎಲ್ಲೂ ಗುದ್ದಿದವರಲ್ಲ ಎಂದ.

ಉಸ್ತಾದರು ಅರಕ್ಕೆ ಹತ್ತಿದ ಪುಡಿಯನ್ನು ಊದಿದರು. "ನಾನೇನೂ ಕೇಳಲಿಲ್ಲವಲ್ಲ."

ಮಧ್ಯಾಹ್ನ ಉತ್ತಯ್ಯ ಬಂದ, ಜೊತೆಗೆ ತಾಯಿ ಚೋಂದಮ್ಮ. ಅಂಥ ಕಾರಿನ ಹಿಂದಿನ ಸೀಟು ಕೈಚೀಲಕ್ಕೆ ಸಾಕಾಗುತ್ತದೆ, ತಾಯಂದಿರಿಗಲ್ಲ. ಅವರು ಕಾರನ್ನು ಒಂದು ಸುತ್ತು ನೋಡಿ, "ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹಾಗಿದೆ" ಎಂದು ಹೇಳಿ, ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು. ಮಗ ಕಲಿಸಿದ್ದನಂತೆ, ಸುರಕ್ಷತೆ ಮುಖ್ಯ ಎಂದು.

ಉತ್ತಯ್ಯ ಜಾಲರಿಯ ಮುಂದೆ ಮಂಡಿಯೂರಿ ಕೂತಿದ್ದ. ದೇವರ ಮುಂದೆಯೂ ಅಷ್ಟು ಹೊತ್ತು ಕೂರುವವನಲ್ಲ.

"ಕೆಲಸ ಹೇಗಾಗಿದೆ ಉಸ್ತಾದ್?"

"ಮಾಡಿದವನು ಅವನು. ಚೀಲವನ್ನೂ ಅವನೇ ಕೊಡುತ್ತಾನೆ."

ಚೀಲದ ಪಕ್ಕದಲ್ಲಿ ತುಂಡು ಇತ್ತು. ಅಂಚು ಎಷ್ಟು ನುಣುಪಾಗಿತ್ತೆಂದರೆ, ಹೊಸ ಸಾಮಾನೆಂದು ಮಾರಬಹುದಿತ್ತು. ಕೆಂಪರಾಜು ಕಾರಿನೊಳಗೆ ನೋಡಿದ. ಚೋಂದಮ್ಮ ಸೆರಗು ಸರಿಮಾಡಿಕೊಂಡು, ಎರಡು ಕೈಯನ್ನೂ ತೊಡೆಯ ಮೇಲಿಟ್ಟು, ಫೋಟೊಗೆ ಕೂತವರ ಹಾಗೆ ಎದುರು ನೋಡುತ್ತಿದ್ದರು.

ಅವನು ನೆಲದ ಮೇಲೆ ಕೂತು ಚೀಲದ ಗಂಟು ಬಿಚ್ಚತೊಡಗಿದ.

ಅದು ಬಿಚ್ಚಿಕೊಳ್ಳಲಿಲ್ಲ. ಮೂರು ಗಂಟು, ಮೂರೂ ಅವನದೇ. ಉಗುರು ಹಾಕಿದ, ಹಲ್ಲು ಹಾಕಿದ. ಮೂವರೂ ನೋಡುತ್ತಿದ್ದರು. ಕಿವಿಯವರೆಗೆ ಬಿಸಿಯೇರಿತು.

"ನನ್ನ ಎಲೆಯಡಿಕೆ ಚೀಲದಲ್ಲಿ ಚಾಕು ಇದೆ, ಕೊಡಲೇನಪ್ಪಾ?" ಎಂದರು ಚೋಂದಮ್ಮ.

"ಬೇಡಮ್ಮ. ಕತ್ತರಿಸಿದ್ದು ಸಾಕು."

ಕೊನೆಗೆ ಗಂಟು ಬಿಚ್ಚಿತು. ತುಂಡನ್ನು ಎತ್ತಿ, ಚೀಲಕ್ಕೆ ಹಾಕದೆ, ಉತ್ತಯ್ಯನ ಮುಂದೆ ಹಿಡಿದ. ಇದು ಎಲ್ಲಿಯದು, ಯಾಕೆ ಕತ್ತರಿಸಿದೆ, ಯಾವಾಗ ಬೇಕಾಗುತ್ತದೆ, ಎಲ್ಲವನ್ನೂ ಹೇಳಿದ. ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ.

ಉತ್ತಯ್ಯ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನೀವೇ ಸರಿಮಾಡಿಕೊಡಿ ಎನ್ನುವ ಹಾಗೆ ಅವನು ಕಾರಿನ ಕೀಯನ್ನು ಉಸ್ತಾದರ ಕಡೆ ಚಾಚಿದ.

"ನಾನು ಕೈ ಹಾಕಲ್ಲ ಅಂದಿದ್ದೆ" ಎಂದರು ಉಸ್ತಾದರು.

ಉತ್ತಯ್ಯ ಕೀಯನ್ನು ಬಾನೆಟ್ಟಿನ ಮೇಲಿಟ್ಟ. ಭಾನುವಾರ ಬರುತ್ತೇನೆ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ. ಚೋಂದಮ್ಮ ಬೆಲ್ಟ್ ಬಿಚ್ಚಿ ಇಳಿದರು.

"ನೀನು ಹೇಳದೆ ಇದ್ದಿದ್ದರೆ ಆರಾಮಾಗಿ ಕೂತು ಹೋಗ್ತಿದ್ದೆ ನೋಡು" ಎಂದು ಕೆಂಪರಾಜುವಿಗೆ ಹೇಳಿ, ಬಸ್ ನಿಲ್ದಾಣದ ಕಡೆಗೆ ಮಗನ ಹಿಂದೆ ನಡೆದರು.

ಅವರು ಕಣ್ಮರೆಯಾಗುವವರೆಗೂ ಕೆಂಪರಾಜು ತಲೆ ಎತ್ತಲಿಲ್ಲ.

"ಹೊಸ ಪಟ್ಟಿ ಹಾಕುತ್ತೇನೆ ಉಸ್ತಾದ್. ಸಣ್ಣ ಜಾಲರಿ ತರಿಸಿ ಕೂರಿಸುತ್ತೇನೆ. ಆದರೆ ಭಾನುವಾರ ಅವರು ಬಂದಾಗ ನಾನು ಹಿಂದೆ ಎಲ್ಲಾದರೂ ಇರುತ್ತೇನೆ. ಕಾರನ್ನು ನೀವೇ ಒಪ್ಪಿಸಿ."

"ಯಾಕೆ?"

"ಮುಖ ಉರಿಯುತ್ತಿದೆ."

ಉಸ್ತಾದರು ಕೀಯನ್ನು ಎತ್ತಿ ಅವನ ಅಂಗೈಯಲ್ಲಿಟ್ಟರು.

"ಹಾಗಾದರೆ ಮುಂದೆಯೇ ನಿಲ್ಲು. ಗಾಳಿ ಬರುವುದು ಅಲ್ಲೇ."