ಲೇತಿನ ಅಡಿವೆಪ್ಪ ಹೆಂಡತಿಯನ್ನು ಕರೆತರಲು ಹೋದದ್ದು

ಬೆಟಗೇರಿಯ ನೇಕಾರ ಓಣಿಯಲ್ಲಿ ನೀಲವ್ವ ಅಂತ ಒಬ್ಬ ತಾಯಿ. ಅವಳಿಗೆ ಒಬ್ಬನೇ ಮಗ, ಅಡಿವೆಪ್ಪ. ಮೂವತ್ತು ದಾಟಿದ ಆಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ಗುಣ, ಅದೇ ಅವಳ ಗೋಳು.

ಗಂಡ ತೀರಿಕೊಂಡ ಮೇಲೆ ಪಡಸಾಲೆಯಲ್ಲಿದ್ದ ಲೇತು, ಸಾಮಾನು ತಿರುಗಿಸಿ ಕೊರೆಯುವ ಮಷಿನ್ನು, ಮಗನ ಪಾಲಿಗೆ ಬಂತು. ರೇಡಿಯೋದ ತಿರುವುವ ಗುಬುಟು, ಕೋಟಿನ ಗುಂಡಿ, ಹಾರ್ಮೋನಿಯಂ ಪಟ್ಟಿ, ಹಳೇ ಕಾಲದ ಪ್ಲಾಸ್ಟಿಕ್ ಸಾಮಾನು ಯಾವುದು ಮುರಿದರೂ ಜನ ಆ ಮನೆಗೇ ತರುತ್ತಿದ್ದರು. ಅಪ್ಪನಿಗೆ ಆ ವಿದ್ಯೆ ಗೊತ್ತಿತ್ತು. ಪಕ್ಕದಲ್ಲಿ ನಿಂತು ನೋಡಿದ ಅವ್ವನಿಗೂ ಗೊತ್ತಿತ್ತು. ಮಗನಿಗೆ ಗೊತ್ತಿರಲಿಲ್ಲ.

ಅವನ ಹೆಂಡತಿ ಹಂಪವ್ವ ಹಿಂದಿನ ವರ್ಷದ ಪಂಚಮಿಗೆ ತವರಿಗೆ ಹೋದವಳು ಮರಳಿರಲಿಲ್ಲ. ನರೇಗಲ್ಲಿನಿಂದ ಮಾವ ಹೇಳಿ ಕಳಿಸಿದ: "ಅಳಿಯ ತನ್ನ ಕೈಯಾರೆ ಒಂದ ಕೆಲಸ ನೆಟ್ಟಗ ಮಾಡಲಿ. ಆಮ್ಯಾಲೆ ಮಗಳನ್ನ ಕಳಿಸ್ತೀನಿ."

ಅಡಿವೆಪ್ಪ ದಿನಾ ಸಂಜೆ ನರೇಗಲ್ ಬಸ್ಸು ನಿಲ್ಲುವ ಕಡೆ ಹೋಗುತ್ತಿದ್ದ. ಇಳಿಯುವವರ ಮುಖ ಒಂದೊಂದೇ ನೋಡುತ್ತಿದ್ದ. ಎಲ್ಲರೂ ಇಳಿದ ಮೇಲೆ ಕಂಡಕ್ಟರನನ್ನು ಕೇಳುತ್ತಿದ್ದ, "ಒಳಗ ಇನ್ನೂ ಯಾರರ ಅದಾರೇನ್ರಿ?" ಯಾರೂ ಇರುತ್ತಿರಲಿಲ್ಲ. ಮನೆಗೆ ಬಂದು ಊಟಕ್ಕೆ ಮೂರು ತಾಟು ಇಡುತ್ತಿದ್ದ. ಅವ್ವ ಒಂದನ್ನು ತೆಗೆದಿಡುತ್ತಿದ್ದಳು.

ಒಂದು ದಿನ ರೇಡಿಯೋದ ಕಂದು ಗುಬುಟು ಬಂತು. ಅಂಚು ಸ್ವಲ್ಪ ಉಜ್ಜಬೇಕಿತ್ತು. ಅಡಿವೆಪ್ಪ ಬಾಗಿಲು ಹಾಕಿಕೊಂಡು ಉಜ್ಜಿದ, ಉಜ್ಜಿದ, ಉಜ್ಜುತ್ತಲೇ ಇದ್ದ. ಮನೆಯೆಲ್ಲ ಕಂದು ಧೂಳು. ಅವ್ವ ಕೆಮ್ಮುತ್ತಾ ಬಂದು ನೋಡಿದರೆ ಗುಬುಟು ಕಡಲೆಕಾಳಿನಷ್ಟಾಗಿತ್ತು.

"ಇದು ಬ್ಯಾಕಲೈಟೋ ತಮ್ಮಾ, ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್ಕು. ಇದರ ಧೂಳು ಎದಿಯೊಳಗ ಕುಂತ್ರ ಏಳಂಗಿಲ್ಲ. ಬಾಗಿಲಾ ತಗಿಬೇಕು, ಮೂಗಿಗೆ ಬಟ್ಟಿ ಕಟ್ಕೋಬೇಕು, ನೀರಾಗ ತೋಯಿಸಿ ತಿಕ್ಕಬೇಕು."

"ಆಗಲವ್ವಾ. ಇನ್ಮ್ಯಾಲೆ ಹಂಗ ಮಾಡ್ತೀನಿ."

ಮರುವಾರ ಸಂಗೀತದ ಮಾಸ್ತರರ ಹಳೇ ಕೋಟಿನ ಆರು ಗುಂಡಿ ಬಂದವು. ಅಡಿವೆಪ್ಪ ಬಾಗಿಲು ತೆಗೆದ, ಮೂಗಿಗೆ ಬಟ್ಟೆ ಕಟ್ಟಿದ, ಆರನ್ನೂ ಕೊಡದೊಳಗೆ ಹಾಕಿದ. ಚೆನ್ನಾಗಿ ತೋಯಲಿ ಅಂತ ಸಂಜೆಯವರೆಗೆ ಬಿಟ್ಟ. ತೆಗೆದಾಗ ನೆನೆದ ಅವರೆಕಾಳಿನ ಹಾಗೆ ಉಬ್ಬಿ ಸೊಟ್ಟಗಾಗಿದ್ದವು.

"ನೀರಾಗ ತೋಯಿಸು ಅಂದಿದ್ಯಲ್ಲವ್ವಾ?"

"ಅದು ಬ್ಯಾಕಲೈಟಿಗೆ ಹೇಳಿದ್ದೋ. ಇವು ಹಾಲೊಡಿಸಿ ಗಟ್ಟಿ ಮಾಡಿದ ಗುಂಡಿ. ನೀರು ಕುಡದ್ರ ಉಬ್ಬತಾವ. ಇಂಥವನ್ನ ಒಣಾ ಜಾಗಾದಾಗ ಬೆಚ್ಚಗ ಇಡಬೇಕು."

"ಆಗಲವ್ವಾ. ಇನ್ಮ್ಯಾಲೆ ಹಂಗ ಮಾಡ್ತೀನಿ."

ಆಮೇಲೆ ಹಾರ್ಮೋನಿಯಂ ಪಟ್ಟಿಗೆ ಅಂಟಿಸುವ ಬಿಳಿ ಸೆಲ್ಯುಲಾಯ್ಡ್ ಹಾಳೆ ಬಂತು. ಮನೆಯಲ್ಲಿ ಒಣ ಜಾಗ ಯಾವುದು, ಬೆಚ್ಚನೆ ಜಾಗ ಯಾವುದು? ಒಲೆಯ ಕಟ್ಟೆ. ಅಡಿವೆಪ್ಪ ಅಲ್ಲೇ ಇಟ್ಟು ಮುಂದೆ ಕೂತ. ಭಗ್ಗೆಂದು ಉರಿ ಎದ್ದಿತು, ಮನೆ ತುಂಬ ಕರ್ಪೂರದ ವಾಸನೆ. ಅವ್ವ ಬಕೆಟ್ ನೀರು ಸುರಿದಳು. ಅಡಿವೆಪ್ಪನ ಮೀಸೆ ಅರ್ಧ ಉಳಿದಿತ್ತು.

ಆವತ್ತು ನೀಲವ್ವ ಬೈಯಲಿಲ್ಲ, ಅತ್ತಳು. "ನಿನಗೇನರ ಆಗಿದ್ರ ಹಂಪವ್ವಗ ನಾ ಏನ್ ಹೇಳ್ಲಿ? ಇದು ಕರ್ಪೂರ ಕೂಡಿಸಿ ಮಾಡಿದ್ದು. ಬೆಂಕಿ ಹತ್ತರ ಒಯ್ಯಬಾರದು. ಮಷಿನ್ನಿಗೆ ಹಾಕಿದ್ರೂ ಸ್ವಲ್ಪ ಸ್ವಲ್ಪ ಕೊರಿ. ಕೈ ಮುಟ್ಟಿ ನೋಡು. ಬೆಚ್ಚಗ ಹತ್ತಿದ್ರ ಅಲ್ಲೇ ನಿಂದ್ರು. ತಣ್ಣಗಾದ ಮ್ಯಾಲೆ ಮುಂದ ನಡಿ. ಒಂದ ಬಕೀಟು ನೀರು ಮಗ್ಗಲದಾಗ ಇಟ್ಕೋ."

"ಆಗಲವ್ವಾ. ಇನ್ಮ್ಯಾಲೆ ಹಂಗ ಮಾಡ್ತೀನಿ."

ನಾಲ್ಕನೆಯ ಸಲ ಎದುರು ಮನೆಯ ನೇಕಾರ ಬಂದ. ಬಟ್ಟೆಯ ಪದರಕ್ಕೆ ರಾಳ ಕುಡಿಸಿ ಗಟ್ಟಿ ಮಾಡಿದ ತುಂಡು ತಂದಿದ್ದ. ಅದರಲ್ಲಿ ಮಗ್ಗದ ತಿರುಗುವ ಅಚ್ಚಿಗೆ ತೊಡಿಸಲು ಬಳೆಯಂಥ ಒಂದು ಬುಶ್ಶು ಬೇಕಿತ್ತು. ಅಡಿವೆಪ್ಪ ಬಾಗಿಲು ತೆಗೆದ, ಮೂಗಿಗೆ ಬಟ್ಟೆ ಕಟ್ಟಿದ, ಬಕೆಟ್ ಇಟ್ಟುಕೊಂಡ. ಒಂದು ಸುತ್ತು ಕೊರೆದ, ಮುಟ್ಟಿ ನೋಡಿದ. ಬೆಚ್ಚಗಿತ್ತು. ನಿಂತ. ತಣ್ಣಗಾಯಿತು. ಇನ್ನೊಂದು ಸುತ್ತು ಕೊರೆದ, ಮುಟ್ಟಿ ನೋಡಿದ, ನಿಂತ. ಬೇರೆಯವರು ಒಂದು ತಾಸಿಗೆ ಮುಗಿಸುವುದನ್ನು ನಾಲ್ಕು ದಿನ ಮಾಡಿದ. ಆದರೆ ಬುಶ್ಶು ಅಚ್ಚಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಮಗ್ಗ ಓಡಿತು. ನೀಲವ್ವ ಆ ಸದ್ದು ಕೇಳುತ್ತಾ ಲೇತಿನ ಹಿಡಿಯನ್ನು ಸೆರಗಿನಿಂದ ಒರೆಸಿದಳು. ಗಂಡ ಹೋದ ಮೇಲೆ ಅವಳು ಅದನ್ನು ಮುಟ್ಟಿದ್ದು ಅದೇ ಮೊದಲು.

ನರೇಗಲ್ಲಿಗೆ ಸುದ್ದಿ ಹೋಯಿತು. ಕರಕೊಂಡು ಹೋಗಲಿ ಅಂತ ಮಾವನ ಉತ್ತರ ಬಂತು.

"ಬುಶ್ಶಿನ ಕೆಲಸ ಹೆಂಗ ಜ್ವಾಕಿಲೆ ಮಾಡಿದ್ಯೋ," ಅಂದಳು ನೀಲವ್ವ, "ಆಕೀನ್ನೂ ಹಂಗ ಜ್ವಾಕಿಲೆ ಕರಕೊಂಡು ಬಾ."

"ಆಗಲವ್ವಾ."

ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಹೋದ. ಅಳಿಯನಿಗೆ ನೆಗಡಿ ಅಂದುಕೊಂಡು ಅತ್ತೆ ಮೆಣಸಿನ ಕಷಾಯ ಕೊಟ್ಟಳು. ಮಧ್ಯಾಹ್ನದ ಬಸ್ಸಿಗೆ ಗಂಡ ಹೆಂಡತಿ ಹೊರಟರು. ಬಸ್ಸು ನರೇಗಲ್ ದಾಟಿದ ಮೇಲೆ ಹಂಪವ್ವ ತನ್ನ ಕೈಯನ್ನು ಅವನ ಕೈಯೊಳಗೆ ಇಟ್ಟಳು. ಒಂದು ವರ್ಷದ ಮೇಲೆ ಸಿಕ್ಕ ಕೈ. ಅಡಿವೆಪ್ಪ ಹಿಡಿದು ನೋಡಿದ. ಬೆಚ್ಚಗಿತ್ತು.

ದಾರಿಯಲ್ಲಿ ಸಿಗುವ ಅಬ್ಬಿಗೇರಿಯಲ್ಲಿ ಬಸ್ಸು ನಿಲ್ಲಿಸಿ ಟ್ರಂಕಿನ ಸಮೇತ ಅವಳನ್ನು ಇಳಿಸಿದ.

"ಯಾಕ, ಇಲ್ಲೇನೈತಿ?" ಅಂದಳು.

"ನಿನ್ನ ಕೈ ಬೆಚ್ಚಗ ಐತಿ."

ಹಂಪವ್ವನಿಗೆ ಗಂಡನ ಬುದ್ಧಿ ಗೊತ್ತು. ನಕ್ಕು ಪಕ್ಕದಲ್ಲೇ ಬೇವಿನ ಮರದ ಕೆಳಗೆ ಕೂತಳು. ಒಂದು ಬಸ್ಸು ಬಂತು. ಕೈ ಬೆಚ್ಚಗೇ ಇತ್ತು. ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು, ಮೂರನೆಯದೂ ಹೋಯಿತು. ಅವನು ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ.

ಬೆಟಗೇರಿಯಲ್ಲಿ ನೀಲವ್ವ ಆರತಿ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೊತ್ತು ಮುಳುಗುವ ಹೊತ್ತಿಗೆ ಮಗ ಬಂದ. ಒಬ್ಬನೇ ಬಂದ.

"ಹಂಪವ್ವ ಎಲ್ಲೋ?"

"ಅಬ್ಬಿಗೇರಿ ಮಟಾ ತಂದೀನಿ. ಅಲ್ಲೇ ಆಕಿ ಚಿಗವ್ವನ ಮನ್ಯಾಗ ಕುಂದ್ರಿಸಿ ಬಂದೀನಿ. ಮೂರ ಬಸ್ಸು ಬಿಟ್ವಿ. ಎಷ್ಟೊತ್ತು ಹಿಡಕೊಂಡು ಕುಂತ್ರೂ ಆಕಿ ಕೈ ತಣ್ಣಗ ಆಗವಲ್ದವ್ವಾ."

ಹೇಳುವಾಗ ಅವನ ಕಣ್ಣು ತುಂಬಿತ್ತು. ನೀಲವ್ವ ತಾಟು ಕೆಳಗಿಟ್ಟು ಹೊಸ್ತಿಲ ಮೇಲೆ ಕೂತಳು. ಆ ಕೈ ತಣ್ಣಗಾಗುವುದಿಲ್ಲ, ಆಗಲೂ ಬಾರದು ಅಂತ ಇವನಿಗೆ ಯಾವ ಮಾತಿನಲ್ಲಿ ಹೇಳುವುದು? ಅವಳು ಆ ಮಾತನ್ನು ಹುಡುಕುತ್ತಿರುವಾಗಲೇ ಅಡಿವೆಪ್ಪ "ಮಗ್ಗಲದಾಗ ಬಕೀಟು ಇಟ್ಕೊಳ್ಳೂದ ಮರತಿದ್ದೆ" ಅನ್ನುತ್ತಾ ಒಳಗೆ ಹೋಗಿ ಬಕೆಟ್ ತುಂಬ ನೀರು ತುಂಬಿಕೊಂಡ. ಚೆಲ್ಲಬಾರದೆಂದು ಬಸ್ಸು ಹತ್ತಲಿಲ್ಲ. ಬಕೆಟ್ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತಾ ಅಬ್ಬಿಗೇರಿ ದಾರಿ ಹಿಡಿದ.